ಇನ್‌ಶರ್ಟ್ ಕಡ್ಡಾಯ ಬೇಡ

ಸಂದರ್ಶನಕ್ಕೆ, ಕಚೇರಿ ಸಭೆಗೆ ಬರುವ ಪುರುಷರು ಇನ್‌ಶರ್ಟ್ ಮಾಡಿಕೊಂಡೇ ಬರಬೇಕೆಂಬ ನಿಯಮವನ್ನು ನಮ್ಮ ಹಲವು ಸಂಸ್ಥೆಗಳು ಇಂದಿಗೂ ಬಿಗಿಯಾಗಿ ಹಿಡಿದುಕೊಂಡಿರುವುದು ಸರಿಯಲ್ಲ.

ಕಲಬುರಗಿ, ರಾಯಚೂರು ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ತುಂಬಿದ ಬಸ್ಸಿನಲ್ಲಿ ನಿಂತು ಬಂದ ಅಭ್ಯರ್ಥಿಯ ಅಂಗಿ ಬೆಲ್ಟಿನ ಸುತ್ತ ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿಕೊಂಡಿರುತ್ತದೆ. ಒಳಗೆ ಕರೆಯುವ ಮುನ್ನ ಆತ ಬಾಗಿಲ ಬಳಿ ನಿಂತು ಅದನ್ನೇ ಮತ್ತೆ ಮತ್ತೆ ಪ್ಯಾಂಟಿನೊಳಗೆ ತುರುಕಿಕೊಳ್ಳುವುದನ್ನು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ.

ಅಂಗಿಗಳ ಹೊಲಿಗೆಯೇ ಈಗ ಬದಲಾಗಿದೆ. ಅಂಚು ಬಾಗಿದ, ಹಿಂಬದಿ ಉದ್ದವಿರುವ ಅಂಗಿಯನ್ನು ಒಳಗೆ ಸೇರಿಸಲೆಂದೇ ಹೊಲಿಯುತ್ತಿದ್ದರು. ನೇರ ಅಂಚಿನ, ಪಕ್ಕದಲ್ಲಿ ಕಟ್ ಇರುವ ಗಿಡ್ಡ ಅಂಗಿ ಹೊರಗೆ ಬಿಡುವುದಕ್ಕಾಗಿಯೇ ಇರುವುದು. ಇಸ್ತ್ರಿ ಮಾಡಿ ತೊಟ್ಟರೆ ಅದೂ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಹೊರಗೆ ಬಿಟ್ಟ ಅಂಗಿಯೆಂದರೆ ಅಶಿಸ್ತು ಎನ್ನುವವರು ಗಮನಿಸಬೇಕು: ಹಾಗೆಯೇ ತೊಡುವ ಗ್ವಾಯಬೆರಾ ಅಂಗಿಯನ್ನು ಕ್ಯೂಬಾ 2010ರಲ್ಲಿ ಸರ್ಕಾರಿ ಸಮಾರಂಭಗಳ ಅಧಿಕೃತ ಉಡುಪೆಂದು ಘೋಷಿಸಿತು. ಫಿಲಿಪೀನ್ಸ್‌ನಲ್ಲಿ ಅಧ್ಯಕ್ಷರೇ ಬರೋಂಗ್ ಅಂಗಿಯನ್ನು ಹೊರಗೆ ಬಿಟ್ಟು ಪ್ರಮಾಣವಚನ ಸ್ವೀಕರಿಸುತ್ತಾರೆ.

ಯಂತ್ರಗಳ ನಡುವೆ ದುಡಿಯುವವರಿಗೆ, ಸಮವಸ್ತ್ರದ ಪೊಲೀಸರಿಗೆ ಈ ನಿಯಮ ಇರಲಿ. ಉಳಿದೆಡೆ ಸುತ್ತೋಲೆಯಲ್ಲಿ ‘ಶುಭ್ರವಾದ, ಇಸ್ತ್ರಿ ಮಾಡಿದ ಉಡುಪು’ ಎಂದಷ್ಟೇ ಬರೆದರೆ ಸಾಕು. ಕನಿಷ್ಠ ಮಾರ್ಚ್‌ನಿಂದ ಮೇ ತಿಂಗಳವರೆಗಾದರೂ ಸಂಸ್ಥೆಗಳು ಇನ್‌ಶರ್ಟ್ ಕಡ್ಡಾಯವನ್ನು ಕೈಬಿಡಬೇಕು.

– ಓದುಗ, ರಾಯಚೂರು