‘ಉಸಿರು 18’ ಎಂದು ಬರೆಯುವ ಮುನ್ನ

ಮಾನ್ಯ ಸಂಪಾದಕರೇ,

ಇಲಿಗಳಿಂದ ಹರಡುವ ಹಂಟಾ ವೈರಸ್‌ನ ಶ್ವಾಸಕೋಶದ ಕಾಯಿಲೆ ಸುದ್ದಿಯಾದಾಗಲೆಲ್ಲ ಇಲಿ, ಇಲಿ ಹಿಕ್ಕೆ, ರಕ್ತ ಪರೀಕ್ಷೆ ಇವುಗಳ ಬಗ್ಗೆ ಬರೆಯುತ್ತಾರೆ. ರೋಗಿಯನ್ನು ಮುಟ್ಟಿ ನೋಡುವ ಮಾತು ಯಾರೂ ಎತ್ತುವುದಿಲ್ಲ. ಮೆಡಿಕಲ್ ವಿದ್ಯಾರ್ಥಿಗಳಿಗೆ 26 ವರ್ಷ ಅದನ್ನೇ ಕಲಿಸಿದವಳು ನಾನು. ಸುಮ್ನೆ ಇರಲಾಗಲಿಲ್ಲ.

ವಾರ್ಡಿನಲ್ಲಿ ನನಗೆ ಜಾಸ್ತಿ ಸಿಟ್ಟು ಬರಿಸುತ್ತಿದ್ದುದು ಒಂದೇ. ಯಾವ ಕೇಸ್ ಶೀಟ್ ತೆಗೆದರೂ ಉಸಿರಾಟ ನಿಮಿಷಕ್ಕೆ 18! ಜ್ವರದವರಿಗೂ 18, ಆಪರೇಷನ್ ಆದವರಿಗೂ 18. ಆರೋಗ್ಯವಂತರ ಅಂಕಿ ಬರೆದುಬಿಡುತ್ತಾರೆ, ಯಾರೂ ಎಣಿಸಿರುವುದಿಲ್ಲ, ಅಷ್ಟೆ. ಒಮ್ಮೆ ಒಬ್ಬ ವಿದ್ಯಾರ್ಥಿಯ ಕೈಗೆ ನನ್ನ ವಾಚು ಕೊಟ್ಟು ಮಂಚದ ಪಕ್ಕ ಪೂರ್ತಿ ಒಂದು ನಿಮಿಷ ನಿಲ್ಲಿಸಿದೆ. ಅವನು ಬರೆದಿದ್ದ 18, ಎಣಿಸಿದಾಗ 32 ಆಯಿತು. (ವಾಚು ವಾಪಸ್ ಬರಲಿಲ್ಲ, ಅದು ಬೇರೆ ಮಾತು.)

ಹಂಟಾದಲ್ಲಿ ಈ ಸೋಮಾರಿತನ ಜೀವ ತೆಗೆದೀತು. ಈ ಕಾಯಿಲೆ ಮೊದಲು ಗುರುತಿಗೆ ಬಂದದ್ದು 1993ರಲ್ಲಿ, ಅಮೆರಿಕದ ನೈರುತ್ಯ ಭಾಗದಲ್ಲಿ. ಅಲ್ಲಿನ ಮೊದಲ 17 ರೋಗಿಗಳ ವರದಿ ಮರುವರ್ಷ ಬಂತು. 17 ಮಂದಿಗೂ ಉಸಿರಿನ ವೇಗ ಹೆಚ್ಚಿತ್ತು. ಬಿಪಿ ಇಳಿದದ್ದು ಅರ್ಧದಷ್ಟು ಜನರಿಗೆ. 13 ಮಂದಿ ಉಳಿಯಲಿಲ್ಲ.

ಶುರುವಿನಲ್ಲಿ ಜ್ವರ, ತೊಡೆ, ಸೊಂಟ, ಬೆನ್ನು ನೋವು, ವಾಂತಿ. ಫ್ಲೂ ಥರಾನೇ ಅಲ್ವಾ? ಆದರೆ ಮೂಗು ಸೋರುವುದು, ಗಂಟಲು ನೋವು ಸಾಮಾನ್ಯವಾಗಿ ಇರುವುದಿಲ್ಲ. ಟಾರ್ಚ್ ಹಾಕಿ ನೋಡಿದಾಗ ಗಂಟಲು ಚೆನ್ನಾಗಿದ್ದರೆ ಅದೂ ಒಂದು ಸುಳಿವು.

ಸ್ಟೆತಸ್ಕೋಪ್ ಇಲ್ಲಿ ಮೋಸ ಮಾಡಬಹುದು. ಮೊದಲ ದಿನಗಳಲ್ಲಿ ಎದೆಯಲ್ಲಿ ಕೆಟ್ಟ ಸದ್ದೇನೂ ಕೇಳಿಸದಿರಬಹುದು. ಆಮೇಲೆ ಸಣ್ಣ ರಕ್ತನಾಳಗಳು ಸೋರತೊಡಗುತ್ತವೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಆಗ ಬೆನ್ನಿನ ಕೆಳಭಾಗದಲ್ಲಿ, ಕಿವಿಯ ಹತ್ತಿರ ಕೂದಲು ಉಜ್ಜಿದ ಹಾಗೆ ಚರಚರ ಸದ್ದು. ಈ ಬದಲಾವಣೆಗೆ ಕೆಲವು ಗಂಟೆ ಸಾಕು. ಬೆಳಿಗ್ಗೆ ‘ಎದೆ ಕ್ಲಿಯರ್’ ಎಂದು ಬರೆದದ್ದು ಸಂಜೆಗೆ ಸುಳ್ಳಾಗುತ್ತದೆ. ಹಂಟಾ ಅನುಮಾನ ಇದ್ದರೆ ಉಸಿರು, ನಾಡಿ, ಬಿಪಿ, ಆಕ್ಸಿಜನ್ ಮತ್ತೆ ಮತ್ತೆ ನೋಡಲೇಬೇಕು.

ಬಿಪಿ ಇಳಿಯಿತೆಂದು ಗಾಬರಿಯಲ್ಲಿ ಸಲೈನ್ ಬಾಟಲಿ ಮೇಲೆ ಬಾಟಲಿ ಏರಿಸುವುದೂ ಅಪಾಯ. ಸೋರುವ ನಾಳಕ್ಕೆ ಎಷ್ಟು ನೀರು ಹಾಕಿದರೂ ಶ್ವಾಸಕೋಶಕ್ಕೇ ಇಳಿಯುತ್ತದೆ. ಇನ್ನೊಂದು ಬಾಟಲಿ ಹಾಕುವ ಮುಂಚೆ ಬೆನ್ನಿಗೆ ಸ್ಟೆತಸ್ಕೋಪ್ ಇಡಿ ಎನ್ನುತ್ತೇನೆ.

ಮುಂದಿನ ಸಲ ಈ ಕಾಯಿಲೆ ಬಗ್ಗೆ ಬರೆಯುವಾಗ ಇಷ್ಟನ್ನೂ ಸೇರಿಸಿ. ‘ಉಸಿರು ಎಣಿಸಿದ್ರಾ ಡಾಕ್ಟ್ರೇ?’ ಎಂದು ರೋಗಿಯ ಮನೆಯವರೂ ಧೈರ್ಯವಾಗಿ ಕೇಳಲಿ.

– ಒಬ್ಬ ನಿವೃತ್ತ ವೈದ್ಯೆ