‘ನಗ್ತಾರೆ’ ಅಂದನಲ್ಲ, ಅದೇ ಕೊರೆಯುತ್ತಿದೆ

ಪುಟ್ಟಿ,

ನಿನ್ನ ಪತ್ರ ಮೊನ್ನೆ ಸಿಕ್ಕಿತು. ಮನೆ ಬದಲಾಯಿಸಿದ ವಿಚಾರವೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿದ್ದಳು, ಅದನ್ನು ಬಿಡು. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಮಗ ಗಟ್ಟಿಯಾಗಿ ಓದುವುದನ್ನೇ ಬಿಟ್ಟಿದ್ದಾನೆ, ಯಾಕೋ ಅಂದರೆ ‘ನಗ್ತಾರೆ’ ಅಂತಾನೆ ಅಂತ. ಆ ಮಾತು ನನ್ನನ್ನು ಬಿಡುತ್ತಿಲ್ಲ. ಇಲ್ಲಿ ಕರೆಂಟ್ ಹೋಗಿ ಎರಡು ದಿನ ಆಯಿತು. ರಾತ್ರಿಯಿಡೀ ಹೆಂಚಿನ ಮೇಲೆ ಮಳೆ ಸದ್ದು, ನಿದ್ದೆ ಬರಲಿಲ್ಲ, ಮಲಗಿದಲ್ಲೇ ಅದನ್ನೇ ಯೋಚಿಸುತ್ತಿದ್ದೆ.

ನೀನು ಕೇಳಿದ್ದು ಪುಸ್ತಕದ ಬಗ್ಗೆ. ನಗು ಬರುವಂಥ ಕತೆ ಪುಸ್ತಕ ಯಾವುದಿದೆ ಹೇಳು ದೊಡ್ಡಮ್ಮ ಅಂತ. ಹೇಳುತ್ತೇನೆ. ಅದಕ್ಕೆ ಮುಂಚೆ ಒಂದು ಕೇಳಲಾ? ನಕ್ಕಿದ್ದು ಯಾರು? ಕ್ಲಾಸಿನಲ್ಲಾ, ಟ್ಯೂಷನ್ನಿನಲ್ಲಾ, ಮನೆಯಲ್ಲೇನಾ? ತಪ್ಪು ಹುಡುಕೋಕೆ ಕೇಳುತ್ತಿಲ್ಲ, ನಮ್ಮ ಮನೆಯಲ್ಲಿ ನಕ್ಕವಳು ನಾನೇ, ಅದಕ್ಕೆ ಕೇಳಿದೆ.

ನಿನ್ನ ಅಣ್ಣನ ಕತೆ, ಅಂದರೆ ನನ್ನ ಮಗನದ್ದು, ನಿನಗೆ ಗೊತ್ತಿರಲಿಕ್ಕಿಲ್ಲ, ನೀನಾಗ ತೊಟ್ಟಿಲಲ್ಲಿದ್ದೆ. ಅವನು ಮೂರನೇ ಕ್ಲಾಸು. ಹುತ್ತರಿ ಹಬ್ಬದ ರಾತ್ರಿ. ಗದ್ದೆಯಿಂದ ಕದಿರು ತಂದು ಕಟ್ಟಿ ಆಗಿತ್ತು, ಮನೆ ತುಂಬ ನೆಂಟರು. ತಂಬಿಟ್ಟು ತಿಂದು ಎಲ್ಲರೂ ಜಗಲಿಯಲ್ಲಿ ಕೂತಿದ್ದರು. ಹಿರಿಯರೊಬ್ಬರು ಪೇಪರ್ ಕೈಗೆ ಕೊಟ್ಟು ‘ಓದು ಮರಿ, ಎಷ್ಟು ಕಲಿತಿದ್ದೀಯ ನೋಡೋಣ’ ಅಂದರು. ಅವನು ಖುಷಿಯಿಂದಲೇ ಎದ್ದು ನಿಂತ. ‘ಮುಖ್ಯಮಂತ್ರಿ’ ಅನ್ನುವ ಪದ. ಬೆರಳನ್ನು ಖ ಮೇಲೆ ಇಟ್ಟ, ಆಮೇಲೆ ಕೆಳಗಿನ ಯ ಒತ್ತಿನ ಮೇಲೆ ಇಟ್ಟ. ‘ಮುಖ... ಮುಖಯ... ಮುಖಯ ಮಂತರಿ’ ಅಂದ. ಜಗಲಿಯೆಲ್ಲ ನಗು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಮುದ್ದಿಗೇ ನಕ್ಕಿದ್ದು, ನಿಜ ಹೇಳುತ್ತೇನೆ. ಅವನೂ ನಕ್ಕ. ಪೇಪರನ್ನು ನಿಧಾನವಾಗಿ ಮಡಚಿ ಕೊಟ್ಟ. ತಂಬಿಟ್ಟಿನ ತುಪ್ಪ ಹತ್ತಿದ ಬೆರಳಿನ ಗುರುತು ಆ ಪದದ ಕೆಳಗೆ ಹಾಗೇ ಇತ್ತು.

ಆಮೇಲೆ ಅವನು ನಮ್ಮ ಎದುರು ಬಾಯಿಬಿಟ್ಟು ಓದಲಿಲ್ಲ. ಕೇಳಿದರೆ ಮನಸ್ಸಲ್ಲೇ ಓದಿದೆ ಅನ್ನುತ್ತಿದ್ದ. ಪರೀಕ್ಷೆ ಪಾಸಾದ, ಕೆಲಸ ಹಿಡಿದ, ಎಲ್ಲ ಸರಿ. ಮೊನ್ನೆ ಬಂದಿದ್ದಾಗ ಅವನ ಮಗಳು ಕತೆ ಪುಸ್ತಕ ಹಿಡಿದು ತೊಡೆ ಮೇಲೆ ಹತ್ತಿದಳು. ‘ಅಮ್ಮನ ಹತ್ತಿರ ಹೋಗು, ಅಮ್ಮ ಚೆನ್ನಾಗಿ ಓದ್ತಾಳೆ’ ಅಂತ ಇಳಿಸಿಬಿಟ್ಟ. ನಾನು ಒಳಗೆ ಹೋಗಿ ಕಾಫಿ ಸೋಸುತ್ತಾ ನಿಂತೆ. ಹೇಳಲು ನನಗೆ ಬಾಯಿ ಎಲ್ಲಿದೆ?

ಅದಕ್ಕೇ ನಿನ್ನ ಮಗನ ಮಾತು ಓದಿ ಎದೆ ಧಸಕ್ಕೆಂದಿತು. ಓದಲು ಬರುವುದಿಲ್ಲ ಅಂತ ಅವನು ಹೇಳಿಲ್ಲ ನೋಡು. ಬೇಜಾರು ಅಂತಲೂ ಹೇಳಿಲ್ಲ. ನಗ್ತಾರೆ ಅಂದಿದ್ದಾನೆ.

ನಮ್ಮ ಅಕ್ಷರ ಸುಲಭದ್ದಲ್ಲ ಕಣೇ. 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ. ಅಷ್ಟಕ್ಕೇ 400 ದಾಟುತ್ತದೆ, ಒತ್ತಕ್ಷರ ಬೇರೆ. ಇಂಗ್ಲಿಷಿನ 26ರ ಜೊತೆ ಇದನ್ನೂ ಕಲಿಯುವ ಮಗು ಮೂರನೇ ಕ್ಲಾಸಿನಲ್ಲಿ ಒತ್ತಿನ ಹತ್ತಿರ ತಡವರಿಸಿದರೆ ಅದರಲ್ಲಿ ಆಶ್ಚರ್ಯ ಏನಿದೆ? ಅವತ್ತು ನನಗೆ ಇದು ಹೊಳೆಯಲಿಲ್ಲ. ಹುಡುಗ ದಡ್ಡನೇನೋ ಅಂತ ಹೆದರಿ, ಮಹಾಪುರುಷರ ಜೀವನ ಚರಿತ್ರೆ, ನೀತಿಕತೆ ಅಂತ ದಪ್ಪ ದಪ್ಪ ಪುಸ್ತಕ ತಂದು ಸುರಿದೆ. ಒಂದು ಪುಟ ಮುಗಿಸಿದರೆ ಸಾಕು, ‘ಇದರ ನೀತಿ ಏನು ಹೇಳು’ ಅಂತ ಕೇಳುತ್ತಿದ್ದೆ. ಕತೆ ಓದಿದ್ದಕ್ಕೂ ಪರೀಕ್ಷೆ! ನಾನು ಚಿಕ್ಕವಳಿದ್ದಾಗ ಚಂದಮಾಮ ಬಂತು ಅಂದರೆ ಸೀಮೆಎಣ್ಣೆ ಬುಡ್ಡಿ ಎದುರು ಕೂತು ಒಂದೇ ಉಸಿರಿಗೆ ಓದುತ್ತಿದ್ದೆ, ಯಾರೂ ಏನೂ ಕೇಳುತ್ತಿರಲಿಲ್ಲ. ಅದು ಹೇಗೆ ಮರೆತೆನೋ.

ಹೋದ ಮಳೆಗಾಲದ್ದು ಒಂದು ಹೇಳುತ್ತೇನೆ. ಶಾಲೆಗೆ ಮಳೆ ರಜೆ. ತೋಟದ ಕೆಲಸದವರ ಲೈನ್‌ಮನೆಯ ಮಕ್ಕಳು ನಮ್ಮ ಜಗಲಿಗೆ ಬಂದು ಕೂತಿದ್ದರು. ಅವರಲ್ಲಿ ಒಬ್ಬಳು ಪುಸ್ತಕ ಕಂಡರೆ ಕಂಬದ ಹಿಂದೆ ಹೋಗುವವಳು. ಪಂಚಾಯಿತಿ ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಹಳೇ ಕತೆಯೊಂದಿತ್ತು, ಪೆದ್ದ ಗುರು, ಪೆದ್ದ ಶಿಷ್ಯರು, ಹೊಳೆ ದಾಟಿ ತಲೆ ಎಣಿಸುವುದು. ಎಣಿಸುವವನು ತನ್ನನ್ನೇ ಬಿಟ್ಟು ಎಣಿಸುತ್ತಾನೆ, ಒಬ್ಬ ಹೊಳೆ ಪಾಲಾದ ಅಂತ ಎಲ್ಲರೂ ಅಳುತ್ತಾರೆ. ನಾನು ಓದುತ್ತಾ ಹೋದೆ. ಎರಡನೆಯವನೂ ಹಾಗೇ ಎಣಿಸಿದಾಗ ಕಂಬದ ಹಿಂದಿಂದ ಅವಳು ಕಿರುಚಿದಳು, ‘ಅಯ್ಯೋ ಪೆದ್ದ, ನಿನ್ನನ್ನೇ ಎಣಿಸಿಲ್ಲ!’ ಅಂತ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಂಜೆ ನೋಡಿದರೆ ಆ ಪುಟ ತೆಗೆದು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ತಮ್ಮನಿಗೆ ಓದಿ ಹೇಳುತ್ತಿದ್ದಳು. ತಪ್ಪುತ್ತಿದ್ದಳು, ಬೇಕಾದಷ್ಟು ತಪ್ಪುತ್ತಿದ್ದಳು. ನಾನು ಆ ಕಡೆ ತಿರುಗಿಯೂ ನೋಡಲಿಲ್ಲ, ಅಕ್ಕಿ ಆರಿಸುತ್ತಾ ಸುಮ್ನೆ ಕೂತಿದ್ದೆ.

ಯಾವಾಗಲೂ ತನ್ನನ್ನು ನೋಡಿ ನಗುತ್ತಾರೆ ಅನ್ನುವ ಮಗುವಿಗೆ ತಾನೇ ನಗಬಹುದಾದ ಒಬ್ಬ ಪೆದ್ದ ಬೇಕು ಅಂತ ನನಗೆ ಅವತ್ತು ಅನ್ನಿಸಿತು. ನಿನ್ನ ಮಗನಿಗೂ ಅಂಥದ್ದೇ ಹುಡುಕು. ಕತೆಯಲ್ಲಿರುವವನಿಗಿಂತ ಮೊದಲೇ ಅವನಿಗೆ ಉತ್ತರ ಗೊತ್ತಾಗಬೇಕು. ತೆನಾಲಿ ರಾಮನ ಬೆಕ್ಕು ಹಾಲು ಕಂಡರೆ ಓಡುತ್ತದಲ್ಲ, ಬಿಸಿ ಹಾಲಿಗೆ ಬಾಯಿಟ್ಟದ್ದು ನಮಗೆ ಗೊತ್ತು, ರಾಜನಿಗೆ ಗೊತ್ತಿಲ್ಲ. ಆ ಗುಟ್ಟು ಗೊತ್ತಿದ್ದರೆ ಮಗುವಿಗೆ ಮುಂದಿನ ಪುಟ ತಿರುಗಿಸದೆ ಇರಲು ಆಗುವುದಿಲ್ಲ.

ಪಂಜೆ ಮಂಗೇಶರಾಯರ ಮಕ್ಕಳ ಕತೆಗಳು ಸಿಕ್ಕರೆ ತಗೋ. ಅವರು ನಮ್ಮ ಮಡಿಕೇರಿಯಲ್ಲೇ ಶಾಲೆಯಲ್ಲಿದ್ದವರು, ಹುತ್ತರಿ ಹಾಡು ಬರೆದವರು. ಸಿಗಡಿ ಯಾಕೆ ಒಣಗಲಿಲ್ಲ ಅನ್ನುವ ಅವರ ಕತೆಯಲ್ಲಿ ಕೇಳಿದ್ದನ್ನೇ ಕೇಳುತ್ತಾ ಹೋಗುತ್ತಾರೆ. ಬಂದ ಪದವೇ ಮತ್ತೆ ಬರುವಾಗ ತಡವರಿಸುವ ಮಗುವಿಗೆ ಧೈರ್ಯ ಬರುತ್ತದೆ. ಕುವೆಂಪು ಅವರ ಕಿಂದರಿಜೋಗಿಯನ್ನು ಓದಿಸಬೇಡ, ನೀನೇ ಕುಣಿಸಿಕೊಂಡು ಹೇಳು. ಇಲಿಗಳ ಪಟ್ಟಿ ಬರುತ್ತದಲ್ಲ, ಅಲ್ಲಿಗೆ ಅವನೂ ಸೇರಿಕೊಳ್ಳುತ್ತಾನೆ.

ದುಡ್ಡು ಹಾಕಲೇಬೇಕು ಅಂತಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅಂತ ವೆಬ್‌ಸೈಟ್ ಇದೆಯಲ್ಲ, 2015ರಲ್ಲಿ ಶುರುವಾದದ್ದು, ಅದರಲ್ಲಿ ಕನ್ನಡ ಕತೆ ಪುಕ್ಕಟೆ ಸಿಗುತ್ತವೆ, ಪ್ರಿಂಟ್ ತೆಗೆಯಲೂಬಹುದು. ನಾಲ್ಕು ಹಂತ ಮಾಡಿದ್ದಾರೆ. ಮೂರನೇ ಕ್ಲಾಸು ಅಂತ ಮೂರನೇ ಹಂತಕ್ಕೆ ಹೋಗಬೇಡ, ಒಂದರಿಂದಲೇ ಶುರುಮಾಡು, ಹಂತ ಎಷ್ಟು ಅನ್ನುವುದು ಅವನಿಗೆ ಕಾಣದ ಹಾಗೆ ತೆಗೆದು ಕೊಡು. ಚಿಕ್ಕ ಮಕ್ಕಳ ಪುಸ್ತಕ ಅಂತ ಯಾರಾದರೂ ಅಂದರೆ ಅದೂ ನಗುವೇ ಅಲ್ವಾ ಅವನಿಗೆ?

ಇನ್ನೂ ಏನೋ ಹೇಳಬೇಕಿತ್ತು. ಹಾಂ, ಕಣ್ಣು ತೋರಿಸಿದ್ದೀಯಾ? ಒಂದು ಸಲ ತೋರಿಸಿಬಿಡು. ತುಂಬ ದಿನವಾದರೂ ಅಕ್ಷರ ಅದಲುಬದಲಾಗುತ್ತಿದ್ದರೆ ಟೀಚರ್ ಹತ್ತಿರ ಮಾತಾಡು, ಅವನ ಎದುರಿಗೆ ಬೇಡ. ಕಾಮಿಕ್ಸ್ ಕೇಳಿದರೆ ಕೊಡಿಸು. ಅರ್ಧಕ್ಕೆ ಬಿಟ್ಟರೆ ಬಿಡಲಿ. ಒಂದೇ ಪುಸ್ತಕವನ್ನು ಹತ್ತು ಸಲ ತಂದರೆ ಹತ್ತು ಸಲವೂ ಓದು, ಅದು ಬಾಯಿಪಾಠವಾದ ಮೇಲೆ ಒತ್ತಕ್ಷರದ ಹೆದರಿಕೆ ಜಾಸ್ತಿ ಇರುವುದಿಲ್ಲ. ನೀತಿ ಮಾತ್ರ ಕೇಳಬೇಡ. ನಿನಗೆ ಗೊತ್ತಿಲ್ಲದ್ದೇನಲ್ಲ ಇದೆಲ್ಲ, ನಾನು ಮಾಡದೇ ಇದ್ದದ್ದನ್ನು ನಿನಗೆ ಹೇಳುತ್ತಿದ್ದೇನೆ ಅಷ್ಟೇ.

ಅವನು ಓದುವಾಗ ಯಾರೇ ನಕ್ಕರೂ, ನೀನು ಅವನ ಮುಖ ನೋಡಬೇಡ, ಪುಸ್ತಕ ನೋಡು. ಕತೆಯಲ್ಲಿ ನಗು ಬರುವ ಜಾಗಕ್ಕೆ ಬಂದಾಗ ಮಾತ್ರ ನಗು.

ದಸರಾ ರಜೆಗೆ ಇಲ್ಲಿಗೆ ಕಳಿಸು. ಓದು ಅಂತ ನಾನು ಕೇಳುವುದಿಲ್ಲ. ನಾನೇ ಓದುತ್ತೇನೆ, ಬೇಕಂತಲೇ ಪದ ತಪ್ಪಿಸುತ್ತೇನೆ. ‘ಹುಲಿ ಹಲಸಿನಹಣ್ಣು ತಿಂದಿತು’ ಅನ್ನುವಲ್ಲಿ ‘ಇಲಿ’ ಅನ್ನುತ್ತೇನೆ. ತಿದ್ದಬೇಕಾದರೆ ಅವನು ಪುಟ ನೋಡಲೇಬೇಕಲ್ಲ. ನಿನ್ನ ಅಣ್ಣನಿಗೂ ಮಗಳನ್ನು ಕರೆದುಕೊಂಡು ಅದೇ ವಾರ ಬಾ ಅಂತ ಹೇಳಿದ್ದೇನೆ. ಯಾಕೆ ಅಂತ ಹೇಳಿಲ್ಲ.

ಮಳೆ ಸ್ವಲ್ಪ ಬಿಟ್ಟಿದೆ. ಟವರ್ ಸಿಗುವುದು ಕಾಫಿ ಕಣದ ತುದಿಯಲ್ಲಿ ಮಾತ್ರ, ಕೊಡೆ ತೆಗೆದುಕೊಂಡು ಹೋಗಿ ಇದನ್ನು ಕಳಿಸುತ್ತೇನೆ. ನಕ್ಕಿದ್ದು ಯಾರು ಅಂತ ಬರಿ.

ದೊಡ್ಡಮ್ಮ