ಗೆಳೆಯನಿಗೆ ಹೇಳಬೇಡ, ಜೊತೆಗೆ ಹೋಗು

ಚಿರಂಜೀವಿ ಪುಟ್ಟನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ದೊಡ್ಡಮ್ಮನ ಮಂಡಿನೋವು ಈಗ ಪರವಾಗಿಲ್ಲ. ತಿಪಟೂರಿನಲ್ಲಿ ಎರಡು ಒಳ್ಳೆಯ ಮಳೆ ಬಿದ್ದು ತೋಟ ತಣ್ಣಗಾಗಿದೆ.

ಭಾನುವಾರ ನೀನು ಫೋನಿನಲ್ಲಿ ಹೇಳಿದ ವಿಷಯ ಅವತ್ತಿನಿಂದ ತಲೆಯಲ್ಲೇ ಕೂತಿದೆ. ನಿನ್ನ ರೂಮಿನ ಗೆಳೆಯನಿಗೆ ಆಫೀಸಿನ ಚೆಕಪ್‌ನಲ್ಲಿ ಬಿಪಿ 160/100 ಬಂತು, ಅವನು ನಕ್ಕು ಸುಮ್ಮನಾದ. ನೀನು ಮೂರು ಸಲ ಹೇಳಿದೆ, ವಿಡಿಯೋ ಕಳಿಸಿದೆ. ನಾಲ್ಕನೇ ಸಲ ಅವನು ರೇಗಿದ. ಈಗ ಇಬ್ಬರಿಗೂ ಸರಿಯಾಗಿ ಮಾತಿಲ್ಲ. "ಹೋಗ್ಲಿ ಬಿಡಿ ದೊಡ್ಡಪ್ಪ, ಅವನ ದೇಹ, ಅವನಿಷ್ಟ" ಅಂದೆ. ಆಗ ನಾನು ಏನೂ ಹೇಳಲಿಲ್ಲ. ಫೋನಿನಲ್ಲಿ ಹೇಳುವ ಮಾತಲ್ಲ ಅದು.

ಬಿಡಬೇಡ ಪುಟ್ಟ. ನಾನು ಒಂದು ಸಲ ಬಿಟ್ಟಿದ್ದೇನೆ. ಮನೆಯಲ್ಲಿ ಯಾರಿಗೂ ಅದನ್ನು ಪೂರ್ತಿ ಹೇಳಿಲ್ಲ.

ನಾನು ಮೆಡಿಕಲ್ ಸ್ಟೋರ್ ನಡೆಸುತ್ತಿದ್ದ ಕಾಲ ನಿನಗೆ ನೆನಪಿರಬೇಕು. ಕೌಂಟರ್ ಪಕ್ಕದ ಸ್ಟೂಲಿನ ಮೇಲೆ ಕೂತು ನೀನು ಖಾಲಿ ಮಾತ್ರೆ ಡಬ್ಬಗಳಲ್ಲಿ ಮನೆ ಕಟ್ಟುತ್ತಿದ್ದೆ. ಅದೇ ಸ್ಟೂಲಿಗೆ ದಿನಾ ಸಂಜೆ ನನ್ನ ಗೆಳೆಯನೊಬ್ಬ ಬಂದು ಕೂರುತ್ತಿದ್ದ. ಕೊಬ್ಬರಿ ಮಂಡಿಯವನು. ಹೈಸ್ಕೂಲಿನಿಂದ ಒಟ್ಟಿಗೆ ಓದಿದವರು ನಾವು. ನಲವತ್ತೆರಡಕ್ಕೇ ಅವನಿಗೆ ಬಿಪಿ ಬಂತು. ಡಾಕ್ಟರ್ ಮಾತ್ರೆ ಬರೆದುಕೊಟ್ಟರು. ತಿಂಗಳಿಗೆ ಮೂರು ಸ್ಟ್ರಿಪ್. ನನ್ನ ಪುಸ್ತಕದಲ್ಲಿ ಲೆಕ್ಕ ಬರೆಸುತ್ತಿದ್ದ, ಹರಾಜಿನ ದುಡ್ಡು ಕೈಗೆ ಬಂದ ದಿನ ತೀರಿಸುತ್ತಿದ್ದ.

2009ರ ಸಂಕ್ರಾಂತಿ ಕಳೆದ ಮೇಲೆ ಅವನ ಹಾಳೆಯಲ್ಲಿ ಬಿಪಿ ಮಾತ್ರೆ ಇಲ್ಲ. ಮಗಳ ಕೆಮ್ಮಿನ ಔಷಧಿ ಇದೆ, ತಾಯಿಯ ಮಂಡಿಗೆ ಹಚ್ಚುವ ಮುಲಾಮು ಇದೆ, ಅವನದೇ ತಲೆನೋವಿನ ಮಾತ್ರೆ ಇದೆ. ಬಿಪಿ ಮಾತ್ರೆ ಮಾತ್ರ ಇಲ್ಲ. ಆ ಹಾಳೆ ಬರೆಯುತ್ತಿದ್ದವನು ನಾನೇ. ಫೆಬ್ರವರಿಯಲ್ಲಿ ಗಮನಿಸಿದೆ, ಮಾರ್ಚ್‌ನಲ್ಲೂ ಗಮನಿಸಿದೆ. ಕೇಳಲಿಲ್ಲ. ಹಿಂದೊಮ್ಮೆ ಕೇಳಿದ್ದಕ್ಕೆ ನಾಲ್ಕು ಜನರ ಎದುರು "ವ್ಯಾಪಾರ ಕಮ್ಮಿ ಆಯ್ತೇನೋ ನಿಂಗೆ" ಅಂದಿದ್ದ. ಅದು ಚುಚ್ಚಿತ್ತು. ಅವನ ದೇಹ, ಅವನಿಷ್ಟ ಅಂತ ನಾನೂ ಸುಮ್ಮನಾದೆ. ನೀನು ಅಂದದ್ದೂ ಅದೇ ಮಾತಲ್ವಾ?

ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಮಂಡಿಯಿಂದ ನೇರವಾಗಿ ಅಂಗಡಿಗೆ ಬಂದ. ಅಂಗೈಯಲ್ಲಿ ಎದೆ ಉಜ್ಜಿಕೊಳ್ಳುತ್ತಿದ್ದ. "ಯಾಕೋ ಎದೆ ಹಿಡ್ಕೊಂಡಂಗಿದೆ, ಗ್ಯಾಸ್ಟ್ರಿಕ್ ಇರ್ಬೇಕು, ಏನಾದ್ರೂ ಕೊಡು" ಅಂದ. ಫ್ಯಾನ್ ಕೆಳಗೇ ಕೂತಿದ್ದ, ಆದರೂ ಕಿವಿಯ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ನಾನು ಪುಡಿ ಕಲಸಿ ಕೊಟ್ಟೆ. ಪಕ್ಕದ ಅಂಗಡಿಯಿಂದ ಸೋಡಾ ತರಿಸಿದೆ. ಒಂದು ತೇಗು ಬಂತು. "ಈಗ ಪರವಾಗಿಲ್ಲ" ಅಂತ ಎದ್ದು ಹೋದ. ರಾತ್ರಿ ಹತ್ತೂವರೆಗೆ ಅವನ ತಮ್ಮ ಬಂದು ನಮ್ಮ ಬಾಗಿಲು ಬಡಿದ. ನಾವು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಗಿದುಹೋಗಿತ್ತು. ಅವನಿಗೆ ನಲವತ್ತಾರು.

ಆ ಲೆಕ್ಕದ ಪುಸ್ತಕ ಈಗಲೂ ಬೀರುವಿನಲ್ಲಿದೆ. ಬಿಸಾಡುವುದಕ್ಕೆ ಮನಸ್ಸು ಬಂದಿಲ್ಲ.

ನಮ್ಮ ಕಡೆ ಎದೆಯಲ್ಲಿ ಏನೇ ಆದರೂ ಗ್ಯಾಸ್ಟ್ರಿಕ್ ಅಂದುಬಿಡುತ್ತೇವೆ. ನಿನ್ನ ರೂಮಿನಲ್ಲೂ ಅದೇ ಮಾತು ಓಡಾಡುತ್ತಿರುತ್ತದೆ. ಎದೆಯ ಮೇಲೆ ಭಾರ ಇಟ್ಟಂತೆ ಆಗುವುದು, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆಯ ಬೆವರು, ಉಸಿರು ಸಾಲದೆ ಹೋಗುವುದು, ವಾಕರಿಕೆ. ಇಂಥದ್ದು ಕಂಡರೆ ಸೋಡಾ ಹುಡುಕಬೇಡಿ. 108ಕ್ಕೆ ಫೋನ್ ಮಾಡಿ, ಇಸಿಜಿ ಇರುವ ಆಸ್ಪತ್ರೆಗೆ ಹೋಗಿ. ಬೈಕಿನಲ್ಲಿ ಕೂರಿಸಿಕೊಂಡು ಹೋಗಬೇಡಿ. ಈಗ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ಡಾಕ್ಟರಿಗೆ ಕಳಿಸುತ್ತಾರೆ. ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ನನ್ನ ಗೆಳೆಯನ ಕಾಲಕ್ಕೆ ಇದೆಲ್ಲ ಇರಲಿಲ್ಲ. ಆದರೆ ಅವತ್ತು ಮಧ್ಯಾಹ್ನದಿಂದ ರಾತ್ರಿವರೆಗೆ ಎಂಟು ಗಂಟೆ ಇತ್ತು. ಅದನ್ನು ಮರೆಯುವುದಕ್ಕೆ ನನ್ನಿಂದ ಆಗಿಲ್ಲ.

ಪುನೀತ್ ಹೋದದ್ದೂ ನಲವತ್ತಾರಕ್ಕೇ, 2021ರ ಅಕ್ಟೋಬರ್ 29. ಆ ವಾರ ನಮ್ಮ ಅಂಗಡಿಗೆ ಬಂದವರೆಲ್ಲ ಬಿಪಿ ನೋಡಿ ಅಂತ ತೋಳು ಚಾಚಿದರು. ಬೆಂಗಳೂರಿನಲ್ಲಿ ಜಯದೇವ ಆಸ್ಪತ್ರೆ ತುಂಬಿಹೋಗಿತ್ತು. 2025ರಲ್ಲಿ ಹಾಸನದ ಕಡೆ ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಒಂದರ ಹಿಂದೆ ಒಂದು ಬಂದಾಗಲೂ ಹಾಗೇ ಆಯಿತು. ಮೈಸೂರಿನ ಜಯದೇವದ ಮುಂದೆ ಬೆಳಗಾಗುವ ಮೊದಲೇ ಸಾಲು. ಆಮೇಲೆ? ನಮ್ಮ ಅಂಗಡಿಯಲ್ಲಿ ನಾನು ಕಂಡ ಹಾಗೆ ಹೆದರಿಕೆ ಹದಿನೈದು ದಿನ ಇತ್ತು, ಹದಿನಾರನೇ ದಿನ ಎಲ್ಲರೂ ಮರೆತರು. ಅದಕ್ಕೇ ಹೇಳುತ್ತೇನೆ, ನೀನು ಕಳಿಸಿದ ವಿಡಿಯೋದಿಂದ ಏನೂ ಆಗುವುದಿಲ್ಲ. ಹೆದರಿಸಿದರೆ ಅವನು ನಿನ್ನನ್ನು ದೂರ ಇಡುತ್ತಾನೆ ಅಷ್ಟೇ.

ಅವನು ನಕ್ಕ ಅಂದೆಯಲ್ಲ, ಆ ನಗುವಿನ ಹಿಂದೆ ಭಯ ಇರುತ್ತದೆ. ಮೂವತ್ತು ವರ್ಷ ಕೌಂಟರಿನಲ್ಲಿ ನಿಂತು ಅಂಥ ನಗು ಬಹಳ ನೋಡಿದ್ದೇನೆ. ಒಮ್ಮೆ ಮಾತ್ರೆ ಶುರು ಮಾಡಿದರೆ ಸಾಯುವವರೆಗೂ ಬಿಡುವ ಹಾಗಿಲ್ಲ ಅನ್ನುವ ಭಯ. ಹೆಣ್ಣು ಕೊಡುವವರಿಗೆ ಗೊತ್ತಾದರೆ ಅನ್ನುವ ಭಯ. ಊರಲ್ಲಿ ಅಮ್ಮ ಅಳುತ್ತಾಳೆ ಅನ್ನುವ ಭಯ. ಅವನದು ಯಾವುದು ಅಂತ ನಿನಗೆ ಗೊತ್ತಾ? ನೀನು ಕೇಳಿಲ್ಲ. ಬರೀ ಹೇಳಿದ್ದೀಯ. ಒಂದು ಸಲ ಇಬ್ಬರೇ ಇರುವಾಗ ಕೇಳು. ಕೇಳಿ ಸುಮ್ಮನೆ ಕೂರು. ಉತ್ತರಕ್ಕೆ ಉತ್ತರ ಕೊಡಬೇಡ.

ಇನ್ನೊಂದು ಮಾತು. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರ ದೇಶದ ದೊಡ್ಡ ಸಮೀಕ್ಷೆ 2023ರಲ್ಲಿ ಬಂತು. ಅದರ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನಕ್ಕೆ ಶುಗರ್ ಇದೆ. ಬಿಪಿ ಅಂತೂ ದೊಡ್ಡವರಲ್ಲಿ ನೂರಕ್ಕೆ 35 ಜನಕ್ಕೆ. ನಿಮ್ಮ ರೂಮಿನಲ್ಲಿ ನಾಲ್ಕು ಜನ ಇದ್ದೀರಿ. ಅವನೊಬ್ಬನದೇ ತೊಂದರೆ ಅಂತ ಯಾಕೆ ಅಂದುಕೊಂಡೆ? ನೀನು ಕೊನೆಗೆ ಬಿಪಿ ನೋಡಿಸಿದ್ದು ಯಾವಾಗ? ನಿನ್ನ ತಾತನಿಗೂ ಬಿಪಿ ಇತ್ತು, ನನಗೂ ಇದೆ, ನಿನ್ನ ಅಪ್ಪನಿಗೂ ಇದೆ. ಮೊದಲು ನಿನ್ನ ತೋಳಿಗೆ ಪಟ್ಟಿ ಸುತ್ತಿಕೋ.

ಹೀಗೆ ಮಾಡು. ತೋಳಿಗೆ ಕಟ್ಟುವ ಬಿಪಿ ಮೆಷಿನ್ ಒಂದು ತಗೊಂಡು ರೂಮಿನ ಊಟದ ಮೇಜಿನ ಮೇಲೆ ಇಡು. ಮಣಿಕಟ್ಟಿಗೆ ಕಟ್ಟುವುದು ಬೇಡ. "ನಮ್ಮ ಮನೇಲಿ ಎಲ್ಲರಿಗೂ ಬಿಪಿ, ನಾನು ನೋಡ್ಕೋಬೇಕು, ಸ್ವಲ್ಪ ಸಹಾಯ ಮಾಡೋ" ಅಂತ ಅವನನ್ನೇ ಕರೆ. ಅವನ ಕೈಯಿಂದಲೇ ಕಟ್ಟಿಸಿಕೋ. ಸುಳ್ಳೂ ಅಲ್ಲ, ನಾಟಕವೂ ಅಲ್ಲ, ನಿನಗೂ ಬೇಕಾದದ್ದೇ. ಎರಡು ದಿನ ಬಿಟ್ಟು ಅವನೇ ತೋಳು ಮುಂದೆ ಮಾಡುತ್ತಾನೆ. ಮಾಡದಿದ್ದರೆ ನಾಲ್ಕು ದಿನ ಆಗಲಿ, ಅವಸರ ಬೇಡ.

ನೋಡುವ ಕ್ರಮ ಸರಿಯಾಗಿರಬೇಕು, ಇಲ್ಲದಿದ್ದರೆ ಸುಮ್ನೆ ಗಾಬರಿ. ಅರ್ಧ ಗಂಟೆ ಮುಂಚೆ ಕಾಫಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬಂದು ಕುರ್ಚಿಗೆ ಒರಗಿ ಐದು ನಿಮಿಷ ಸುಮ್ಮನೆ ಕೂರಬೇಕು. ಪಾದ ನೆಲಕ್ಕೆ ಊರಿರಲಿ, ಕಾಲ ಮೇಲೆ ಕಾಲು ಬೇಡ. ಕೈ ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಅಂಗಿಯ ತೋಳಿನ ಮೇಲೆ ಪಟ್ಟಿ ಕಟ್ಟಬಾರದು. ಮೆಷಿನ್ ಓಡುವಾಗ ಮಾತಾಡಬಾರದು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಎರಡನ್ನೂ ಬರೆದಿಡಿ. ಬೆಳಿಗ್ಗೆ ಸಂಜೆ ಒಂದು ವಾರ. ಮನೆಯಲ್ಲಿ ನೋಡಿದಾಗ 135/85 ದಾಟುತ್ತಲೇ ಇದ್ದರೆ ಆ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. 180/120 ದಾಟಿ ಎದೆನೋವು, ಉಸಿರಾಟದ ತೊಂದರೆ, ಕಣ್ಣು ಮಂಜು, ಕೈಕಾಲು ಸೋಲುವುದು ಏನಾದರೂ ಇದ್ದರೆ ವಾರ ಕಾಯುವ ಮಾತಿಲ್ಲ, ಆ ಕ್ಷಣವೇ ಆಸ್ಪತ್ರೆ.

ಡಾಕ್ಟರ ಹತ್ತಿರ ಹೋಗುವ ದಿನ ನೀನೂ ರಜೆ ಹಾಕು. ಇದೇ ಮುಖ್ಯ. "ಹೋಗು" ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಟೋಕನ್ ಹಿಡಿದು ಪಕ್ಕದ ಬೆಂಚಿನಲ್ಲಿ ಎರಡು ಗಂಟೆ ಕೂರುವವನು ಸಿಗುವುದಿಲ್ಲ. ಅದೇ ದಿನ ನಾಲ್ವರೂ ಖಾಲಿ ಹೊಟ್ಟೆಯಲ್ಲಿ ಶುಗರ್ ಪರೀಕ್ಷೆಗೆ ರಕ್ತ ಕೊಟ್ಟು ಬನ್ನಿ. 100ರ ಒಳಗಿದ್ದರೆ ಸರಿ. 126 ಅಥವಾ ಜಾಸ್ತಿ ಬಂದರೆ ಶುಗರ್ ಅಂತ ಲೆಕ್ಕ, ಇನ್ನೊಮ್ಮೆ ನೋಡಿ ಖಾತ್ರಿ ಮಾಡುತ್ತಾರೆ. ನಡುವೆ ಇದ್ದರೆ ಊಟ, ನಡಿಗೆ ಸರಿಮಾಡಿಕೊಂಡು ಹಿಂದಕ್ಕೆ ತರುವುದಕ್ಕೆ ಇನ್ನೂ ಅವಕಾಶ ಇದೆ.

ಮಾತ್ರೆ ಶುರುವಾದರೆ ನನ್ನ ಗೆಳೆಯನ ಕಥೆ ಅವನಿಗೆ ಹೇಳು. ಬಿಪಿ ನಾರ್ಮಲ್ ಆಯಿತು ಅಂತ ಮಾತ್ರೆ ಬಿಟ್ಟವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ನಾರ್ಮಲ್ ಆಗಿದ್ದು ಮಾತ್ರೆಯಿಂದ. ಕಮ್ಮಿ ಮಾಡುವುದು, ಬಿಡುವುದು ಡಾಕ್ಟರ್ ಹೇಳಿದ ಮೇಲೆ. ತೂಕ ಇಳಿಸಿ, ಉಪ್ಪು ಕಮ್ಮಿ ಮಾಡಿ, ಡಾಕ್ಟರನ್ನೇ ಕೇಳಿ ಮಾತ್ರೆ ಕಮ್ಮಿ ಮಾಡಿಸಿಕೊಂಡವರೂ ಇದ್ದಾರೆ. ಅದನ್ನೂ ಹೇಳು, ಅವನಿಗೆ ಧೈರ್ಯ ಬರಲಿ. ತಲೆನೋವು, ಬೆನ್ನುನೋವು ಅಂತ ಕೌಂಟರಿನಲ್ಲಿ ಕೇಳಿ ತಗೊಳ್ಳುವ ಎಷ್ಟೋ ನೋವಿನ ಮಾತ್ರೆಗಳು ಬಿಪಿ ಏರಿಸುತ್ತವೆ. ಅವನು ಅದನ್ನು ನುಂಗುತ್ತಿದ್ದರೆ ಡಾಕ್ಟರಿಗೆ ಮರೆಯದೆ ಹೇಳಬೇಕು. ನನ್ನ ಗೆಳೆಯನ ಹಾಳೆಯಲ್ಲಿ ತಲೆನೋವಿನ ಮಾತ್ರೆ ಇತ್ತು ಅಂದೆನಲ್ಲ, ಮಾರಿದವನು ನಾನು.

ಊಟದ ವಿಷಯ. ಅವನಿಗೆ ಬೇರೆ ತಟ್ಟೆ ಇಡಬೇಡಿ. ಮೂವರು ಕಬಾಬ್ ತಿನ್ನುತ್ತಾ ಒಬ್ಬನ ಮುಂದೆ ಸೌತೆಕಾಯಿ ಇಟ್ಟರೆ ಅದು ಆರೈಕೆ ಅಲ್ಲ, ಶಿಕ್ಷೆ. ಎಲ್ಲರೂ ಒಂದೇ ತಿನ್ನಿ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಉಪ್ಪಿನ ಒಳಗೆ ಇರಿ ಅನ್ನುತ್ತದೆ, ಹೆಚ್ಚುಕಮ್ಮಿ ಒಂದು ಟೀ ಚಮಚ. ಉಪ್ಪಿಗಿಂತ ರುಚಿಯಿಲ್ಲ ಅನ್ನುವ ಊರಿನವರಿಗೆ ಇದು ಕಷ್ಟವೇ. ಒಮ್ಮೆಗೇ ಬೇಡ. ಮೊದಲು ಮೇಜಿನ ಮೇಲಿನ ಉಪ್ಪಿನಕಾಯಿ ಬಾಟಲಿ, ಹಪ್ಪಳದ ಡಬ್ಬ, ಚಿಪ್ಸ್ ಪೊಟ್ಟಣ ಒಳಗೆ ಹೋಗಲಿ. ಮಧ್ಯರಾತ್ರಿ ತರಿಸಿಕೊಳ್ಳುವ ಊಟ ನಿಂತರೆ ನಿದ್ದೆಯೂ ಸರಿಹೋಗುತ್ತದೆ. ಅವನನ್ನು "ಬಿಪಿ ಪಾರ್ಟಿ" ಅಂತ ಯಾರೂ ರೇಗಿಸಬಾರದು. ಉಳಿದ ಇಬ್ಬರಿಗೂ ನೀನೇ ಹೇಳಿಡು.

ನಡಿಗೆಗೆ ನಾನು ಕಂಡ ಒಂದೇ ಉಪಾಯ, ಜೊತೆ. ಮಂಡಿಯ ಗೆಳೆಯ ತೀರಿಕೊಂಡ ಮುಂದಿನ ತಿಂಗಳು ಉಳಿದ ನಾವು ಮೂವರು ಗೆಳೆಯರು ಕೆರೆ ಏರಿಯ ಮೇಲೆ ಹೋಗಲು ಶುರು ಮಾಡಿದೆವು. ಒಬ್ಬ ಬರಲೊಲ್ಲ ಅಂತಿದ್ದ. ನಾನು ಏನೂ ಬುದ್ಧಿ ಹೇಳಲಿಲ್ಲ. ಬೆಳಿಗ್ಗೆ ಐದೂಮುಕ್ಕಾಲಿಗೆ ಅವನ ಮನೆ ಜಗಲಿಯಲ್ಲಿ ಹೋಗಿ ಕೂತೆ. ಮೊದಲ ದಿನ ಅವನ ಹೆಂಡತಿ ಕಾಫಿ ಕೊಟ್ಟರು. ಎರಡನೇ ದಿನವೂ ಕೊಟ್ಟರು. ಮೂರನೇ ದಿನ ಅವನು ನಾಚಿಕೆಪಟ್ಟು ಚಪ್ಪಲಿ ಮೆಟ್ಟಿಕೊಂಡು ಬಂದ. ಒಂದು ವರ್ಷ ಆದ ಮೇಲೆ ಏರಿಯ ಕಲ್ಲಿನ ಮೇಲೆ ಕೂತಾಗ ಅವನ ಹಿಮ್ಮಡಿಯಲ್ಲಿ ರಕ್ತ ನೋಡಿದೆ. ಮುಳ್ಳು ಚಪ್ಪಲಿ ತೂರಿ ಒಳಗೆ ಮುರಿದಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ. ಶುಗರ್ ಕಾಲಿನ ನರಕ್ಕೆ ಹೋಗಿ ನೋವಿನ ಅರಿವೇ ಸತ್ತಿತ್ತು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಾಲು ಉಳಿಯಿತು. ಅವನು ಇವತ್ತು ಬೆಳಿಗ್ಗೆಯೂ ನನ್ನ ಜೊತೆ ಬಂದಿದ್ದ. ವಾರಕ್ಕೆ 150 ನಿಮಿಷ ಸಾಕು ಅನ್ನುತ್ತಾರೆ, ನಾವು ಹರಟೆಯಲ್ಲಿ ಅದಕ್ಕಿಂತ ಜಾಸ್ತಿಯೇ ನಡೆಯುತ್ತೇವೆ.

ಇಷ್ಟೆಲ್ಲ ಮಾಡಿಯೂ ನಿನ್ನ ಗೆಳೆಯ ಬೇಡ ಅಂದರೆ? ರೂಮು ಬಿಡಬೇಡ, ಮಾತು ಬಿಡಬೇಡ. ತಿಂಗಳಿಗೊಮ್ಮೆ ಸಮಾಧಾನವಾಗಿ ಮತ್ತೆ ಕೇಳು. ಅವನಿಗೆ ಗೊತ್ತಿಲ್ಲದೆ ಅವನ ಅಮ್ಮನಿಗೆ ಫೋನ್ ಮಾಡಬೇಡ. ನಂಬಿಕೆ ಒಮ್ಮೆ ಹೋದರೆ ಎದೆನೋವು ಬಂದ ರಾತ್ರಿಯೂ ನಿನ್ನನ್ನು ಎಬ್ಬಿಸುವುದಿಲ್ಲ. ಮನಸ್ಸಿಗೇ ಏನೋ ಭಾರ ಇದ್ದು ದೇಹ ಬೇಡವಾಗಿದೆ ಅನ್ನಿಸಿದರೆ 14416 ಇದೆ, ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ನೀನೇ ನಂಬರ್ ಒತ್ತಿ ಫೋನ್ ಅವನ ಕೈಗೆ ಕೊಡು.

ಬರುವ ಶನಿವಾರ ಅವನನ್ನೂ ಕರೆದುಕೊಂಡು ರೈಲಿಗೆ ಬಾ. ಬಿಪಿ ಮಾತು ನಾನು ಎತ್ತುವುದಿಲ್ಲ, ದೊಡ್ಡಮ್ಮನಿಗೂ ಹೇಳಿದ್ದೇನೆ. ಅವಳು ಮುದ್ದೆ, ಬಸ್ಸಾರು ಮಾಡುತ್ತಾಳೆ, ಉಪ್ಪು ನನ್ನ ಲೆಕ್ಕದ್ದು. ಭಾನುವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ನಾವು ಏರಿಗೆ ಹೋಗುವಾಗ ಇಬ್ಬರನ್ನೂ ಎಬ್ಬಿಸುತ್ತೇನೆ. ಅವನ ಕಾಲಿನ ಅಳತೆ ಬರೆದು ಕಳಿಸು, ಬಾಗಿಲ ಹತ್ತಿರ ನಡೆಯುವ ಚಪ್ಪಲಿ ತಂದಿಟ್ಟಿರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ